ಬಾಮೈದನ ಹೆಸರಿನಲ್ಲಿ ನಾಲ್ಕು ಊರು

ಶಿವರಾತ್ರಿ ಕಳೆದು ಎರಡನೇ ಭಾನುವಾರ, ಬೆಳಿಗ್ಗೆ ಎಂಟೂವರೆಗೆ ಬಾಬುರಾಯನಕೊಪ್ಪಲಿನ ನನ್ನ ಅಂಗಡಿಯ ಷಟರ್ ಎಳೆದು ಬೀಗ ಹಾಕಿ ಹೊರಟೆ. ನನ್ನದು ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಸುಟ್ಟುಹೋದ ಮೋಟರಿನಿಂದ ಹಳೆಯ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹಚ್ಚಿ, ಒಣಗಿಸಿ ಕೊಡುವುದು ಕೆಲಸ. ಬಿಸಿಲು ಶುರುವಾದರೆ ಭಾನುವಾರವೂ ಬಾಗಿಲು ಹಾಕುವ ಕಸುಬಲ್ಲ ಇದು. ಆ ದಿನ ಒಳಗೆ ಐದು ಮೋಟರು ಕಾಯುತ್ತಿದ್ದವು. ಆದರೂ ಬಾಗಿಲು ಹಾಕಿದೆ. ಕುಡಿತ ಬಿಡಬೇಕೆನ್ನುವವರು ವಾರಕ್ಕೊಮ್ಮೆ ಒಂದು ಕಡೆ ಸೇರಿ ಕೂತು ಮಾತಾಡುತ್ತಾರಂತೆ, ಆ ಸಭೆ ಎಲ್ಲಿ ನಡೆಯುತ್ತದೆಂದು ಹುಡುಕಿ ಹೊರಟಿದ್ದೆ.

ನಾನು ಕುಡಿಯುವುದು ನಿಲ್ಲಿಸಿ ಅವತ್ತಿಗೆ ಇಪ್ಪತ್ತೆರಡು ದಿನ. ನನ್ನ ಹೆಂಡತಿ ಜಯಮ್ಮ ಕಿಕ್ಕೇರಿಯ ತನ್ನ ತಮ್ಮನ ಮನೆಗೆ ಹೋಗಿಯೂ ಇಪ್ಪತ್ತೆರಡು ದಿನ. ಹೋಗುವಾಗ ಜಗಳ ಮಾಡಲಿಲ್ಲ. ಸೀರೆ ಮಡಿಸುತ್ತಾ ಹೇಳಿದಳು: “ದೇವರ ಮುಂದೆ ಆಣೆ ಮಾಡಿದ್ದಾಯ್ತು, ಮಾಲೆ ಹಾಕ್ಕೊಂಡಿದ್ದಾಯ್ತು, ಮಗಳ ತಲೆ ಮುಟ್ಟಿದ್ದೂ ಆಯ್ತು. ಇನ್ನ ಆಣೆ ಬ್ಯಾಡ. ನಿಮ್ಮಂಥವರು ಕೂತ್ಕೊಳೋ ಕಡೆ ಒಂದು ದಿನ ಓಗಿ ಕೂತ್ಕೊಂಡು, ನಾನು ಕುಡುಕ ಅಂತ ಬಾಯ್ಬುಟ್ಟು ಯೋಳಿ. ಆಮ್ಯಾಕೆ ನನ್ನ ಕರೀರಿ.”

ಮಾಲೆಯ ಮಾತು ಅವಳು ಸುಮ್ಮನೆ ಎತ್ತಲಿಲ್ಲ. ನಾನು ನಾಲ್ಕು ವರ್ಷ ಮಾಲೆ ಹಾಕಿದವನು. ನಲವತ್ತೆಂಟು ದಿನ ತಣ್ಣೀರು ಸ್ನಾನ, ಕಪ್ಪು ಪಂಚೆ, ಒಂದು ತೊಟ್ಟು ಇಲ್ಲ. ಬೆಟ್ಟ ಇಳಿದು ಮಾಲೆ ತೆಗೆದ ದಿನವೇ ಬಸ್ಸಿನಲ್ಲಿ ಬಾಟಲಿ ತೆಗೆದದ್ದೂ ನಾಲ್ಕು ಸಲ. ಅವಧಿ ಇರುವ ವ್ರತವನ್ನು ನಾನು ಯಾರಿಗೂ ಕಡಿಮೆಯಿಲ್ಲದಂತೆ ಮಾಡುತ್ತೇನೆ. ಅವಧಿ ಇಲ್ಲದ್ದು ಮಾತ್ರ ಕೈಗೆ ಹತ್ತಿರಲಿಲ್ಲ.

ಕುಡಿತ ನನಗೆ ಅಂಟಿದ್ದು ಕಸುಬಿನಿಂದ ಎಂದರೆ ನೆಪ ಹೇಳಿದ ಹಾಗೆ ಕಾಣುತ್ತದೆ, ಆದರೂ ಇದ್ದದ್ದನ್ನು ಬರೆಯುತ್ತೇನೆ. ಮೋಟರು ಸುಟ್ಟರೆ ರೈತನಿಗೆ ಅದು ಅವತ್ತೇ ಬೇಕು. ಮುಂದೆ ನಾಲ್ಕು ಜನರ ಮೋಟರು ಇರುವಾಗ ತನ್ನದನ್ನು ಮೊದಲು ಸುತ್ತಿಸಲು ಟವೆಲಿನಲ್ಲಿ ಒಂದು ಕ್ವಾರ್ಟರ್ ಸುತ್ತಿ ತಂದು ನನ್ನ ಬೆಂಚಿನ ಕೆಳಗಿಡುತ್ತಾನೆ. ಇದನ್ನು ಲಂಚ ಎಂದು ಯಾರೂ ಅನ್ನುವುದಿಲ್ಲ, ಮೇಸ್ತ್ರಿಗೆ ಮರ್ಯಾದೆ ಅನ್ನುತ್ತಾರೆ. ಇಪ್ಪತ್ತು ವರ್ಷ ಆ ಮರ್ಯಾದೆ ನನಗೆ ದಿನವೂ ಸಿಕ್ಕಿತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಮರ್ಯಾದೆ ಬೇಡ ಎನ್ನುವುದು ಕಷ್ಟ.

ಕೊಪ್ಪಲಿನಿಂದ ಶ್ರೀರಂಗಪಟ್ಟಣಕ್ಕೆ ಷೇರ್ ಆಟೋ. ಹತ್ತು ರೂಪಾಯಿ, ಹತ್ತು ನಿಮಿಷ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೆಡಿಕಲ್ ಷಾಪಿನವರಿಗೆ ಸಭೆಯ ವಿಷಯ ಗೊತ್ತು ಎಂದು ಕೇಳಿದ್ದೆ. ಗಿರಾಕಿಗಳು ಹೋಗುವವರೆಗೆ ಕಾದು, ಕೌಂಟರಿಗೆ ಬಗ್ಗಿ, ಮೆಲ್ಲಗೆ ಕೇಳಿದೆ. ಅಂಗಡಿಯಾತ ಒಳ್ಳೆಯ ಮನುಷ್ಯ. “ಯಾರಿಗೆ ಅಣ್ಣ?” ಅಂದ, ಅಷ್ಟೆ. ನನ್ನ ಬಾಯಿಂದ ಬಂದದ್ದು: “ನಮ್ಮ ಬಾಮೈದಂಗೆ.”

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದ ನೆಂಟಸ್ತಿಕೆ ಅದು. ನನಗಿರುವ ಬಾಮೈದ ಒಬ್ಬನೇ, ಸಿದ್ದೇಗೌಡ. ಕಿಕ್ಕೇರಿಯಲ್ಲಿ ಹಾಲಿನ ಡೈರಿಯಲ್ಲಿ ಡಿಗ್ರಿ ನೋಡುವವನು, ಅಂದರೆ ಜನ ತಂದು ಹಾಕುವ ಹಾಲು ಗಟ್ಟಿಯೋ ನೀರೋ ಎಂದು ಅಳೆದು ಬರೆಯುವವನು. ಎಲೆ ಅಡಿಕೆ ಕೂಡ ಹಾಕದ ಆಸಾಮಿ.

ಮೆಡಿಕಲ್ಲಿನವನು ಒಂದು ಶಾಲೆಯ ಹಿಂದಿನ ಕೋಣೆ ತೋರಿಸಿದ. ಹೋದರೆ ಬೀಗ. ಇಲ್ಲಿ ಈಗ ಗುರುವಾರ ಸಂಜೆ ಮಾತ್ರ, ಭಾನುವಾರದ್ದು ಪಾಂಡವಪುರದಲ್ಲಿ ಹನ್ನೊಂದಕ್ಕೆ ಎಂದ ಕಾವಲುಗಾರ. ಗುರುವಾರಕ್ಕೆ ನಾಲ್ಕು ದಿನ. ಇಪ್ಪತ್ತೆರಡು ದಿನ ಕಳೆದವನಿಗೆ ಇನ್ನು ನಾಲ್ಕು ದಿನ ಕಳೆಯುತ್ತೇನೆಂಬ ನಂಬಿಕೆ ಇರಲಿಲ್ಲ. ಆದರೆ ಬೀಗ ಕಂಡಾಗ ಎದೆ ಹಗುರವಾದದ್ದೂ ನಿಜ.

ಒಂಬತ್ತೂ ಮುಕ್ಕಾಲಿಗೆ ಪಾಂಡವಪುರದ ಬಸ್ಸು ಸಿಕ್ಕಿತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಬ್ಬು ತುಂಬಿದ ಟ್ರಾಕ್ಟರುಗಳು ರಸ್ತೆಯ ಮುಕ್ಕಾಲು ಪಾಲು ಹಿಡಿದು ಹೋಗುತ್ತಿದ್ದವು. ಕಿಟಕಿ ಪಕ್ಕ ಕೂತು ಗದ್ದೆಗಳ ಮೂಲೆಯ ಪಂಪ್‌ಮನೆ ಲೆಕ್ಕ ಹಾಕುವುದು ನನ್ನ ಹಳೆಯ ಚಟ. ಇದು ನಾನು ಸುತ್ತಿದ್ದು, ಇದೂ ನಾನು ಸುತ್ತಿದ್ದು ಎಂದು ಒಳಗೊಳಗೇ ಹೇಳಿಕೊಳ್ಳುತ್ತೇನೆ. ಈ ನಾಲ್ಕು ತಾಲ್ಲೂಕಿನಲ್ಲಿ ನನ್ನ ಕೈ ಗೊತ್ತಿಲ್ಲದ ಊರು ಕಡಿಮೆ. ಆ ದಿನ ಮಾತ್ರ ಅದೇ ತೊಂದರೆಯಾಯಿತು.

ಪಾಂಡವಪುರದಲ್ಲಿ ಇನ್ನೂ ಹೊತ್ತಿತ್ತೆಂದು ಹೋಟೆಲಿಗೆ ಹೋಗಿ ಇಡ್ಲಿ ತಿನ್ನುತ್ತಿದ್ದೆ. ಬೆನ್ನ ಮೇಲೆ ಒಂದು ಗುದ್ದು ಬಿತ್ತು. ಚಿನಕುರಳಿಯ ರಂಗ, ಕಲ್ಲು ಕ್ವಾರಿಗೆ ಟ್ರಾಕ್ಟರು ಓಡಿಸುವವನು, ನನ್ನ ಹಳೆಯ ಗಿರಾಕಿ. ನಾವಿಬ್ಬರೂ ಒಂದೇ ಓರಗೆಯವರು.

“ಏನ್ಲಾ ಮೇಸ್ತ್ರಿ, ಬೇಸಿಗೇಲಿ ಅಂಗ್ಡಿ ಬುಟ್ಟು ಇಡ್ಲಿ ತಿನ್ನೋಕ್ ಬಂದ್ಬುಟ್ಟಾ?”

“ಸ್ವಲ್ಪ ಕೆಲಸ ಐತೆ ಕಣ್ಲಾ.”

ನನ್ನ ಗ್ರಹಚಾರಕ್ಕೆ, ಸಭೆ ನಡೆಯುವ ಕಟ್ಟಡ ಎಲ್ಲಿದೆ ಎಂದು ನಾನು ಕೇಳಿದ್ದ ಸಪ್ಲೈಯರು ಆಗಲೇ ಬಂದು, “ಅಣ್ಣ, ಆ ಕುಡಿಯೋರ ಮೀಟಿಂಗು ಕೇಳಿದ್ರಲ್ಲ, ತಾಲ್ಲೂಕ್ ಆಫೀಸ್ ದಾಟಿ ಎಡಕ್ಕೆ” ಅಂದ.

ರಂಗ ಹುಬ್ಬು ಏರಿಸಿದ. “ಯಾರಿಗ್ಲಾ?”

“ಬಾಮೈದಂಗೆ.”

“ಯಾರು, ಕಿಕ್ಕೇರಿ ಡೈರಿ ಸಿದ್ದೇಗೌಡಂಗಾ? ನಮ್ಮ ಷಡ್ಡಕ ಅಲ್ಲೇ ಹಾಲು ಹಾಕೋದು. ಅಂಥೋನೂ ಎಣ್ಣೆ ಹಾಕ್ತಾನಾ?”

ಇಲ್ಲ ಕಣ್ಲಾ ಎನ್ನಲು ಒಂದು ಉಸಿರು ಸಾಕಿತ್ತು. ನಾನು “ಹೂಂ” ಅಂದೆ. ರಂಗ ತಲೆ ಕೊಡವಿ, “ಯಾರನ್ನ ನಂಬ್ತೀಯ ಬುಡು” ಎನ್ನುತ್ತಾ ಕಾಫಿಗೆ ಹೇಳಿದ. ಕಾಫಿ ದುಡ್ಡು ಅವನೇ ಕೊಟ್ಟ. ಬಾಮೈದನಿಗಾಗಿ ಅಲೆಯುವ ಒಳ್ಳೆಯ ಬಾವ ಎಂದು ಕೊಟ್ಟದ್ದು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆ ಕಟ್ಟಡ ಕಂಡೆ. ಹೊರಗೆ ಏಳೆಂಟು ಜೊತೆ ಚಪ್ಪಲಿ, ಗೋಡೆಗೆ ಒರಗಿಸಿದ ಒಂದು ಕೆಂಪು ಮೊಪೆಡ್. ಸೀಟಿಗೆ ಗೊಬ್ಬರದ ಚೀಲದ ಹೊದಿಕೆ ಹೊಲಿದ ಆ ಮೊಪೆಡ್ಡು ನನ್ನ ಅಂಗಡಿ ಮುಂದೆ ಎಷ್ಟೋ ಸಲ ನಿಂತಿತ್ತು. ಅದರ ಯಜಮಾನನ ಮೋಟರನ್ನು ಹೋದ ವರ್ಷ ನಾನು ಕುಡಿದ ಕೈಯಲ್ಲಿ ಸುತ್ತಿದ್ದೆ. ಸುತ್ತಿನ ಲೆಕ್ಕ ತಪ್ಪಿ ಆರನೇ ದಿನಕ್ಕೆ ಸುಟ್ಟಿತು. ವೋಲ್ಟೇಜ್ ಸರಿಯಿಲ್ಲ, ನನ್ನ ತಪ್ಪಲ್ಲ ಎಂದು ಅವನನ್ನೇ ಗದರಿ ಕಳಿಸಿದ್ದೆ. ಅವನು ನಂಬಿದ್ದ. ಈಗ ಅವನು ಒಳಗಿದ್ದಾನೆ.

ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನನ್ನು ಕಂಡು ಹತ್ತಿರ ಬಂದರು. ಅವರಿಗೂ ಬಾಮೈದನ ಕಥೆಯನ್ನೇ ಹೇಳಿದೆ.

“ಬಾಮೈದ ಬಂದವ್ರಾ?”

“ಇಲ್ಲ ಸ್ವಾಮಿ.”

“ಕುಡಿಯೋರು ಅವ್ರೇ ಬರಬೇಕು. ಅವರ ಪರವಾಗಿ ಇನ್ನೊಬ್ಬರು ಕೂರೋಕಾಗಲ್ಲ. ಮನೆಯವರಿಗೆ ಬೇರೆ ಕೂಟ ಇದೆ, ಇವತ್ತು ನಾಲ್ಕಕ್ಕೆ, ನಾಗಮಂಗಲದಲ್ಲಿ. ಕುಡಿಯೋರದೂ ಪಕ್ಕದ ಕೋಣೇಲೇ ನಡೀತದೆ. ಕರ್ಕೊಂಡೋಗಿ.” ವಿಳಾಸವನ್ನು ಚೀಟಿಯಲ್ಲಿ ಬರೆದು ಕೊಟ್ಟರು. ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು ಅನ್ನಿಸಿತು.

ಚೀಟಿ ಜೇಬಿಗೆ ಬಿದ್ದ ಕೂಡಲೇ ನನಗೆ ಹೊಳೆದದ್ದು ನಾಗಮಂಗಲವಲ್ಲ, ಕಿಕ್ಕೇರಿ. ಸಭೆಯ ಬಾಗಿಲಿಗೆ ಹೋದದ್ದು ಸುಳ್ಳಲ್ಲ, ಅವರ ಕೈಬರಹವೇ ಜೇಬಿನಲ್ಲಿದೆ. ಜಯಮ್ಮನಿಗೆ ತೋರಿಸಿ, ಕೂತು ಬಂದೆ, ಬಾ ಅಂದರೆ ಆಯಿತು. ಹೀಗೆ ಲೆಕ್ಕ ಹಾಕಿ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ, ಅಲ್ಲಿಂದ ಕಿಕ್ಕೇರಿಗೆ ಅರ್ಧ ಗಂಟೆಯ ದಾರಿ. ಬಸ್ಸಿನ ತುಂಬ ಹೆಂಗಸರು. ಅವರಿಗೆ ಟಿಕೆಟ್ ಇಲ್ಲದ ಕಾಲ ಬಂದ ಮೇಲೆ ನಮಗೆ ಸೀಟಿಲ್ಲ. ಚಿನಕುರಳಿ ದಾಟುವವರೆಗೆ ಕಂಬಿ ಹಿಡಿದು ನಿಂತೇ ಹೋದೆ. ಜಯಮ್ಮನ ಮುಂದೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹೇಳಿ ನೋಡಿದೆ. ಚೆನ್ನಾಗಿಯೇ ಬರುತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ.

ಕೆ.ಆರ್. ಪೇಟೆ ತಲುಪಿದಾಗ ಒಂದು ಗಂಟೆ. ಸ್ಟ್ಯಾಂಡಿನ ಎದುರು ಮುದ್ದೆ, ಬಸ್ಸಾರು ಉಂಡೆ. ಊಟದ ಹೋಟೆಲಿನ ಮಗ್ಗುಲಲ್ಲೇ ಬಾರು. ಮಧ್ಯಾಹ್ನದ ಬಿಸಿಲಲ್ಲಿ ಅದರ ಒಳಗಿನ ಕತ್ತಲೆ ತಂಪಾಗಿ ಕಾಣುತ್ತದೆ, ಅದು ಕುಡಿಯುವವರಿಗೆ ಮಾತ್ರ ಗೊತ್ತು. ಎರಡು ಲೋಟ ನೀರು ಕುಡಿದೆ. ಆಗ ಫೋನು ಬಂತು. ಸಿದ್ದೇಗೌಡ.

“ಬಾವ, ನಾನು ಕುಡಿಯೋಕೆ ಶುರು ಮಾಡ್ಕೊಂಡಿದ್ದೀನಂತೆ. ನಿಂಗೇನಾರ ಗೊತ್ತಾ?”

ರಂಗ ತನ್ನ ಷಡ್ಡಕನಿಗೆ ಹೇಳಿದ್ದಾನೆ, ಷಡ್ಡಕ ಊರಿಗೆ ಹೇಳಿದ್ದಾನೆ. ಎರಡೇ ಗಂಟೆಯ ಕೆಲಸ.

“ಎದುರುಮನೆ ರಾಜಣ್ಣ ಬಂದು, ಕಷ್ಟಸುಖ ಕೇಳೋ ಅಂಗೆ ಮುಖದ ತಾವೇ ನಿಂತ್ಕೊಂಡು ನನ್ನ ಬಾಯಿ ಮೂಸ್ಕೊಂಡು ಓದ. ಈರುಳ್ಳಿ ತಿಂದಿದ್ದೆ. ಅವಂಗೆ ಸಿಕ್ಕಿದ್ದು ಅದರ ನಾತ ಒಂದೇ.” ಅವನು ನಕ್ಕ. ನಾನೂ ನಗಲು ನೋಡಿದೆ.

“ನೀನು ನಗಬ್ಯಾಡ. ಸಂಜೆ ಆರಕ್ಕೆ ನೂರು ಮನೆಯೋರು ಹಾಲು ತರ್ತಾರೆ. ಕುಡುಕ ಡಿಗ್ರಿ ನೋಡ್ತಾವ್ನೆ ಅಂತ ಒಬ್ಬ ಅಂದ್ರೆ ಸಾಕು, ನಾನು ಬರೆದಿದ್ದನ್ನ ನಾಳೆಯಿಂದ ಯಾರು ನಂಬ್ತಾರೆ?”

“ತಪ್ಪಾಯ್ತು ಸಿದ್ದ.”

“ಅಕ್ಕಂಗೆ ಇನ್ನೂ ಯೋಳಿಲ್ಲ. ಒಂದು ಕೇಳ್ತೀನಿ, ನಿಜ ಯೋಳು. ಒಳಕ್ಕೆ ಓಗಿ ಕೂತ್ಯಾ?”

“ಇಲ್ಲ.”

“ನನ್ನ ಹೆಸರು ಕೆಡಿಸಿದ್ದಕ್ಕಾದ್ರೂ ಓಗಿ ಕೂತ್ಕೊ ಬಾವ. ಸುಮ್ನೆ ಕೆಡಿಸ್ದ ಅಂಗೆ ಆಗ್ಬಾರ್ದು.”

ಸ್ಟ್ಯಾಂಡಿನಲ್ಲಿ ಕಿಕ್ಕೇರಿಯ ಬಸ್ಸೂ ನಾಗಮಂಗಲದ ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಕಿಕ್ಕೇರಿಯದರಲ್ಲಿ ಸೀಟು ಖಾಲಿ ಇತ್ತು. ನಾಗಮಂಗಲದ್ದು ತುಂಬಿತ್ತು. ಅವನು ಬೈದಿದ್ದರೆ ನಾನು ಕಿಕ್ಕೇರಿ ಬಸ್ಸಿಗೇ ಹತ್ತುತ್ತಿದ್ದೆನೋ ಏನೋ. ಬೈಗುಳಕ್ಕೆ ಎದುರು ನಿಲ್ಲುವುದು ನನಗೆ ಬರುತ್ತದೆ. ಇದಕ್ಕೆ ಹೇಗೆ ನಿಲ್ಲಬೇಕೋ ತಿಳಿಯಲಿಲ್ಲ. ನಾಗಮಂಗಲದ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟೆ.

ಮೂರೂವರೆಗೆ ನಾಗಮಂಗಲ. ಚೀಟಿಯಲ್ಲಿದ್ದ ವಿಳಾಸ ಒಂದು ಹಳೆಯ ಕಲ್ಯಾಣ ಮಂಟಪದ್ದು. ಮುಹೂರ್ತ ಇಲ್ಲದ ಭಾನುವಾರ ಅದರ ಹಿಂದಿನ ಎರಡು ಕೋಣೆಗಳನ್ನು ಇವರಿಗೆ ಬಿಟ್ಟುಕೊಡುತ್ತಾರೆ. ಒಂದರ ಬಾಗಿಲ ಮೇಲೆ ‘ವರನ ಕೋಣೆ’ ಎಂದು ಬಣ್ಣದಲ್ಲಿ ಬರೆದಿದೆ, ಇನ್ನೊಂದರ ಮೇಲೆ ‘ವಧುವಿನ ಕೋಣೆ’. ವರಾಂಡದಲ್ಲಿ ಚಾಪೆ ಹಿಡಿದು ನಿಂತಿದ್ದ ಹೆಂಗಸು, “ಯಾರ ಕಡೆಯವರು?” ಅಂದರು, ಮದುವೆ ಮನೆಯಲ್ಲಿ ಕೇಳುವ ಹಾಗೆಯೇ.

ನಿಜ ಹೇಳಬೇಕೆಂದೇ ಬಂದವನು ನಾನು. ಆದರೆ ಬೆಳಿಗ್ಗೆಯಿಂದ ಅದೇ ಮಾತು ಆಡಿ ಆಡಿ ನಾಲಗೆಗೆ ಜಾಡು ಬಿದ್ದಿತ್ತು. “ನಮ್ಮ ಬಾಮೈದ…” ಅಂದೆ. ಅವರು ನನ್ನನ್ನು ವಧುವಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು.

ಒಳಗೆ ಐದು ಜನ ಹೆಂಗಸರು. ಗಂಡಸು ನಾನೊಬ್ಬನೇ. ಗೋಡೆಯಲ್ಲಿ ದೊಡ್ಡ ಕನ್ನಡಿ, ಅದರ ಅಂಚಿಗೆ ಯಾವುದೋ ಮದುಮಗಳು ಅಂಟಿಸಿ ಮರೆತ ಹಣೆಬೊಟ್ಟುಗಳು. ಇಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಕಟ್ಟಳೆ. ಒಬ್ಬರ ಮಾತನ್ನು ಮಾತ್ರ ಅವರನ್ನೇ ಕೇಳಿ ಬರೆಯುತ್ತಿದ್ದೇನೆ. “ಬರ್ಕೊಳ್ಳಿ ಅಣ್ಣ, ನನ್ನ ಹೆಸರು ಮಾತ್ರ ಬ್ಯಾಡ” ಅಂದರು. ಹಸಿರು ಸೀರೆ ಉಟ್ಟಿದ್ದರು, ಸುಮಾರು ಜಯಮ್ಮನ ವಯಸ್ಸು.

“ಕುಡ್ದವ್ರೋ ಇಲ್ವೋ ಅಂತ ನಾನು ಮುಖ ನೋಡಿ ತಿಳ್ಕೊಳೋದಿಲ್ಲ,” ಅಂದರು ಆಕೆ. “ಒಳಗೆ ಕೂತ್ಕೊಂಡೇ ಗೊತ್ತಾಗ್ತದೆ. ಬಾಗ್ಲಲ್ಲಿ ಎರಡು ಚಪ್ಲಿನೂ ಪಟಪಟ ಅಂತ ಬುಟ್ರೆ ಕುಡ್ದಿಲ್ಲ. ಒಂದು ಬುಟ್ಟು, ಗೋಡೆ ಇಡ್ಕೊಂಡು, ತಡೆದು ಇನ್ನೊಂದು ಬುಟ್ರೆ, ಮಕ್ಕಳನ್ನ ರೂಮಿಗೆ ಕಳಿಸಿ ಚಿಲಕ ಹಾಕಿಸ್ತೀನಿ. ಆ ಎರಡು ಚಪ್ಲಿ ನಡುವೆ ನಾನು ಉಸಿರು ಬುಡಲ್ಲ. ಈಗ ಅವ್ರು ಬುಟ್ಟು ಎಂಟು ತಿಂಗಳಾಯ್ತು. ಆದ್ರೂ ಎರಡನೇ ಚಪ್ಲಿ ಸದ್ದು ಬರೋಗಂಟ ಉಸಿರು ಇಡ್ಕೊಂಡಿರ್ತೀನಿ.”

ನಾನು ಕುಡಿದ ದಿನ ಮನೆಗೆ ಬಹಳ ಎಚ್ಚರದಿಂದ ಹೋಗುತ್ತಿದ್ದೆ. ಏಲಕ್ಕಿ ಅಗಿದು, ಮುಖ ತೊಳೆದು, ಒಂದೊಂದೇ ಹೆಜ್ಜೆ ಇಟ್ಟು. ಯಾರಿಗೂ ತಿಳಿಯದ ಹಾಗೆ ಒಳಗೆ ಹೋದೆನೆಂದು ಹೆಮ್ಮೆಪಟ್ಟುಕೊಂಡು ಮಲಗುತ್ತಿದ್ದೆ. ನಾನು ಗೇಟು ತೆಗೆದ ಕೂಡಲೇ ಜಯಮ್ಮ ಟೀವಿಯ ಸದ್ದು ಸಣ್ಣ ಮಾಡುತ್ತಿದ್ದಳು. ಗಂಡ ದಣಿದು ಬಂದನೆಂದು ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಯಾವ ಸದ್ದಿಗೆ ಕಿವಿ ಕೊಡುತ್ತಿದ್ದಳೆಂದು ಆ ಚಾಪೆಯ ಮೇಲೆ ಕೂತಾಗ ತಿಳಿಯಿತು.

ಹಸಿರು ಸೀರೆಯವರು ನನ್ನ ಕಡೆ ತಿರುಗಿ, “ಪಾಪ, ಬಾಮೈದನಿಗೋಸ್ಕರ ಇಷ್ಟು ದೂರ ಬಂದಿದ್ದೀರ. ನಿಮ್ಮಂಥ ಬಾವ ಸಿಗೋಕೆ ಪುಣ್ಯ ಮಾಡಿರಬೇಕು. ಅವ್ರು ಎಷ್ಟು ವರ್ಷದಿಂದ ಕುಡೀತಾವ್ರೆ?” ಅಂದರು.

ಎದ್ದು ನಿಂತೆ. ಯಾಕೆ ನಿಂತೆನೋ, ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ನಿಂತ ಹಾಗೆ. “ನಮ್ಮ ಬಾಮೈದ ಕುಡಿಯಲ್ಲ ಕಣಮ್ಮ. ಅವನು ಎಲೆ ಅಡಿಕೆನೂ ಹಾಕಲ್ಲ. ಕುಡಿಯೋನು ನಾನು. ಇಪ್ಪತ್ತು ವರ್ಷದಿಂದ.”

ಹೊರಗೆ ಯಾರೋ ಬಿಂದಿಗೆಗೆ ನೀರು ಹಿಡಿಯುವ ಸದ್ದು. ಬೈಯುತ್ತಾರೆ ಅಂದುಕೊಂಡೆ. ಹಸಿರು ಸೀರೆಯವರು ಸೆರಗು ಬಾಯಿಗೆ ಅಡ್ಡ ಹಿಡಿದರು. ನಗುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು.

“ಅಂಗಾದ್ರೆ ನೀವು ಹೆಣ್ಣಿನ ಕಡೆಯವ್ರಲ್ಲ. ಪಕ್ಕದ ರೂಮಿಗೆ ಓಗಿ ಅಣ್ಣ. ನಮ್ಮ ಯಜಮಾನ್ರೂ ಅಲ್ಲೇ ಅವ್ರೆ, ಜಾಗ ಬುಡ್ತಾರೆ.”

ಅವರು ನಿಜವಾಗಿ ಜಾಗ ಬಿಟ್ಟರು. ವರನ ಕೋಣೆಯಲ್ಲಿ ಹನ್ನೊಂದು ಜನ ಗೋಡೆಗೆ ಒರಗಿ ಕೂತಿದ್ದರು. ಬಾಗಿಲ ಹತ್ತಿರದ ತೆಳ್ಳಗಿನ ಮನುಷ್ಯ ಏನೂ ಕೇಳದೆ ಒಂದು ಮೊಳ ಸರಿದರು. ಆ ಕೋಣೆಯವರು ಆಡಿದ್ದನ್ನು ಬರೆಯುವ ಹಾಗಿಲ್ಲ, ನಾನು ಆಡಿದ್ದನ್ನು ಬರೆಯಬಹುದು. ನನ್ನ ಹೆಸರು ಮರೀಗೌಡ, ನಾನು ಕುಡುಕ, ನಿಲ್ಲಿಸಿ ಇಪ್ಪತ್ತೆರಡು ದಿನ ಅಂದೆ. ಪಾಂಡವಪುರದ ಕಡೆಯ ಒಬ್ಬರ ಮೋಟರು ಸುಟ್ಟದ್ದು ವೋಲ್ಟೇಜಿನಿಂದಲ್ಲ, ನನ್ನ ಕೈಯಿಂದ ಅಂದೆ. ಅದನ್ನು ಕೂಲಿ ಇಲ್ಲದೆ ಮತ್ತೆ ಸುತ್ತಿಕೊಡುತ್ತೇನೆ ಅಂದೆ. ಆಣೆ ಮಾಡಬೇಕಾ ಎಂದು ಕೇಳಿದೆ. ಬೇಡ, ಮುಂದಿನ ವಾರ ಬನ್ನಿ ಸಾಕು ಅಂದರು. ಅವಧಿ ಎಷ್ಟು ದಿನ ಎಂದು ಕೇಳಿದ್ದಕ್ಕೆ ಕೋಣೆಯವರೆಲ್ಲ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಅದನ್ನು ನಾನೇ ಗಮನಿಸಿದೆ.

ಐದೂ ಕಾಲಿಗೆ ಪಾಂಡವಪುರದ ಮೇಲೆ ಮೈಸೂರಿಗೆ ಹೋಗುವ ಬಸ್ಸು ಸಿಕ್ಕಿತು. ಸೀಟಿರಲಿಲ್ಲ. ಆರು ಗಂಟೆಗೆ ಕಿಕ್ಕೇರಿಯಲ್ಲಿ ಹಾಲಿನ ಹೊತ್ತು. ಕಂಬಿಗೆ ಒರಗಿ ರಂಗನಿಗೆ ಫೋನು ಮಾಡಿದೆ.

“ರಂಗ, ಬೆಳಿಗ್ಗೆ ಯೋಳಿದ್ದು ಸುಳ್ಳು ಕಣ್ಲಾ. ಸಿದ್ದೇಗೌಡ ಕುಡಿಯಲ್ಲ.”

“ಬಸ್ಸಿನ ಸದ್ದು ಕಣ್ಲಾ, ಒಂದೂ ಕೇಳ್ತಿಲ್ಲ. ಗಂಟ್ಲು ಬುಟ್ಟು ಯೋಳು.”

ಸುತ್ತ ನೋಡಿದೆ. ಬಸ್ಸಿನಲ್ಲಿ ಅರವತ್ತು ಜನ. ಅದರಲ್ಲಿ ನನ್ನ ಗಿರಾಕಿಗಳು ಇಬ್ಬರಾದರೂ ಇರಬೇಕು. “ಕುಡಿಯೋನು ನಾನು ಕಣ್ಲಾ,” ಎಂದು ಕೂಗಿದೆ. “ಸಿದ್ದೇಗೌಡ ಅಲ್ಲ. ನಾನು. ಕೊಪ್ಪಲಿನ ಮೋಟರ್ ಮರೀಗೌಡ. ಆ ಮೀಟಿಂಗಿಗೆ ಓಗಿದ್ದೂ ನಾನೇ.”

ಕಂಡಕ್ಟರ್ ಟಿಕೆಟ್ ಹರಿಯುವುದು ನಿಲ್ಲಿಸಿ ನೋಡಿದ. ಮುಂದಿನ ಸೀಟುಗಳ ತಲೆಗಳೆಲ್ಲ ತಿರುಗಿದವು.

“ಅದು ನಂಗೆ ಗೊತ್ತಿಲ್ವಾ?” ಅಂದ ರಂಗ. “ನಿನ್ನ ಬೆಂಚಿನ ಕೆಳಗೆ ನಾನೇ ಎಷ್ಟು ಇಟ್ಟಿದ್ದೀನಿ. ಬಾವ ಬಾಮೈದ ಇಬ್ರೂ ಅಂಗೇನಾ ಅಂತ ಅಂದ್ಕೊಂಡೆ, ಅಷ್ಟೇ.”

“ನಿನ್ನ ಷಡ್ಡಕಂಗೆ ಈಗ್ಲೇ ಯೋಳ್ಲಾ. ಹಾಲು ಹಾಕೋಕ್ ಓಗೋಕ್ ಮುಂಚೆ.”

“ಯೋಳ್ತೀನಿ ಬುಡು. ಮುಂದಿನ ಸಲ ಮೋಟರು ತಂದ್ರೆ ನಿಂಗೆ ಏನ್ಲಾ ತರೋದು?”

“ಏನೂ ತರಬ್ಯಾಡ. ಸರದಿ ಪ್ರಕಾರ ಸುತ್ಕೊಡ್ತೀನಿ.”

ಫೋನು ಇಟ್ಟೆ. ಪಕ್ಕದ ಸೀಟಿನ ಅಜ್ಜಿಯೊಬ್ಬರು ಸೊಪ್ಪಿನ ಚೀಲವನ್ನು ತೊಡೆಗೆ ಎತ್ತಿಕೊಂಡು, “ನಿಂತ್ಕೊಂಡು ಯಾಕಪ್ಪ ಕಿರುಚ್ತೀಯ, ಕೂತ್ಕೊ” ಎಂದು ಸೀಟಿನ ಅಂಚು ತೋರಿಸಿದರು. ಎಷ್ಟು ದಿನ ಆಯ್ತು ಎಂದು ಕೇಳಿದರು. ಹೇಳಿದೆ. “ಹೂಂ” ಎಂದು ಕಿಟಕಿಯ ಕಡೆ ತಿರುಗಿದರು.

ಪಾಂಡವಪುರ ದಾಟುವಾಗ ಹೊತ್ತು ಮುಳುಗುವುದರಲ್ಲಿತ್ತು. ಫೋನು ಬಂತು, ಸಿದ್ದೇಗೌಡನ ನಂಬರು, ಮಾತಾಡಿದ್ದು ಜಯಮ್ಮ. ಹಿಂದೆ ಕ್ಯಾನುಗಳ ಸದ್ದು ಕೇಳುತ್ತಿತ್ತು. ಡೈರಿಯಿಂದಲೇ ಮಾಡಿದ್ದಳು.

“ಇಲ್ಲಿ ಹಾಲು ಹಾಕೋರೆಲ್ಲ ನಿಮ್ಮ ಸುದ್ದಿನೇ ಆಡ್ತಾವ್ರೆ,” ಅಂದಳು. “ಕೂತಿದ್ರಂತೆ.”

“ಕೂತಿದ್ದೆ. ಮೊದ್ಲು ಹೆಣ್ಣಿನ ಕಡೆ ರೂಮಲ್ಲಿ ಕೂತಿದ್ದೆ. ಅಲ್ಲಿ ಮನೆಯೋರು ಕೂತ್ಕೊತಾರೆ. ನೀನು ಟೀವಿ ಸದ್ದು ಯಾಕೆ ಸಣ್ಣ ಮಾಡ್ತಿದ್ದೆ ಅಂತ ಅಲ್ಲಿ ಗೊತ್ತಾಯ್ತು.”

ಕ್ಯಾನುಗಳ ಸದ್ದು ದೂರವಾಯಿತು, ಫೋನು ಹಿಡಿದು ಡೈರಿಯಿಂದ ಹೊರಗೆ ಬಂದಿರಬೇಕು. ಮನೆಗೆ ಬಾ ಎಂದು ಕೇಳಲು ಅದೇ ಸಮಯ ಅನ್ನಿಸಿತು. ಕೇಳಲಿಲ್ಲ. ಅವಳೇ ಹೇಳಿದಳು: “ಮನೆಗೆ ಬರೋ ಮಾತು ಆಮ್ಯಾಕೆ ನೋಡನ. ನಂಗೆ ಬಸ್ಸು ಫ್ರೀ. ಬರೋ ಭಾನ್ವಾರ ನಾಗಮಂಗಲಕ್ಕೆ ನಾನೂ ಬತ್ತೀನಿ. ನಿಮ್ಮ ರೂಮಲ್ಲಿ ನೀವು ಕೂತ್ಕೊಳ್ಳಿ, ನಮ್ಮ ರೂಮಲ್ಲಿ ನಾನು ಕೂತ್ಕೊತೀನಿ.”

ಕೊಪ್ಪಲಿನಲ್ಲಿ ಇಳಿದಾಗ ದೀಪ ಹತ್ತಿದ್ದವು. ನಾಗಮಂಗಲಕ್ಕೆ ನನ್ನ ಊರಿನಿಂದ ಒಂದೇ ಬಸ್ಸು ಸಾಕು, ಅವಳು ಕೆ.ಆರ್. ಪೇಟೆಯಲ್ಲಿ ಇಳಿದು ಇನ್ನೊಂದು ಹತ್ತಬೇಕು. ನಾಲ್ಕಕ್ಕೆ ಇಬ್ಬರೂ ತಲುಪಬೇಕೆಂದರೆ ಅವಳು ಒಂದೂವರೆಗೆ ಕಿಕ್ಕೇರಿ ಬಿಡಬೇಕು. ನಾನು ಹನ್ನೆರಡಕ್ಕೇ ಹೊರಟು ಮೊದಲೇ ಹೋಗಿ ನಾಗಮಂಗಲದ ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾದು ನಿಂತಿರುವುದೆಂದು ತೀರ್ಮಾನಿಸಿದೆ.